ಹನ್ನೊಂದು ಗಂಟೆ ತೆರೆದಿದ್ದ ಗೇಟು

ಬೆಳಗಿನ ಐದೂವರೆ. ಅಗಲವಾದ ಸಿಮೆಂಟ್ ತೊಟ್ಟಿಯಲ್ಲಿ ಕಂದು ನೀರು ಗುಳುಗುಳು ಕುದಿಯುವಂತೆ ಕಾಣುತ್ತಿದೆ. ಕಟ್ಟೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತ ಹೆಂಗಸು ಗಾಜಿನ ಜಾಡಿಗೆ ಆ ನೀರನ್ನು ತುಂಬಿ ಪಕ್ಕಕ್ಕಿಡುತ್ತಾರೆ. ಅರ್ಧ ಗಂಟೆಯಲ್ಲಿ ಕೆಸರು ತಳ ಸೇರಿ ಮೇಲೆ ತಿಳಿನೀರು ನಿಂತರೆ ಆ ದಿನ ಸಲೀಸು.

"ಮೂಗು ಮುಚ್ಕೋಬೇಡಿ," ಎಂದು ನನಗೆ ಹೇಳುತ್ತಾರೆ. "ಹತ್ತು ನಿಮಿಷ ತಡೀರಿ, ಅದೇ ಸೋತು ಸುಮ್ನಾಗುತ್ತೆ."

ಊರಿನವರಿಗೆ ಇವರು ಪಂಪಕ್ಕ. ಪುಟ್ಟ ಊರಿನ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಆಪರೇಟರ್. ಸಾವಿರದ ಇನ್ನೂರು ಮನೆಗಳ ಬಚ್ಚಲು, ಪಾಯಿಖಾನೆ, ಅಡುಗೆಮನೆಯ ನೀರು ದಿನಕ್ಕೆ ಆರು ಲಕ್ಷ ಲೀಟರ್ ಇಲ್ಲಿಗೆ ಬರುತ್ತದೆ. ಜಾಲರಿಗೆ ಸಿಕ್ಕಿದ ಚಿಂದಿ, ಪ್ಲಾಸ್ಟಿಕ್ಕನ್ನು ಇವರೇ ಬಾಚಿ ತೆಗೆಯುತ್ತಾರೆ. "ಒಂದ್ಸಲ ಹಲ್ಲಿನ ಸೆಟ್ ಸಿಕ್ತು. ಹೊರಬಾಗಿಲ ಹತ್ರ ಚೀಟಿ ಅಂಟಿಸ್ದೆ. ಯಾರೂ ಬಾಯಿ ಬಿಡ್ಲಿಲ್ಲ."

ಪಂಪು ಎತ್ತಿಕೊಟ್ಟ ಕೊಳಚೆಯನ್ನು ತೊಟ್ಟಿಯೊಳಗಿನ ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಅವಕ್ಕೆ ಹಗಲೂ ರಾತ್ರಿ ಗಾಳಿ ಊದುತ್ತಿರಬೇಕು. ಕೆಸರು ಕೆಳಗಿಳಿದ ಮೇಲೆ ಉಳಿದ ನೀರು ನದಿಗೆ. ಇಲ್ಲಿ ತಿನ್ನದೆ ಬಿಟ್ಟ ಹೊಲಸು ನದಿಯಲ್ಲಿ ಕೊಳೆಯುತ್ತಾ ಮೀನಿನ ಪಾಲಿನ ಉಸಿರನ್ನು ಕಸಿಯುತ್ತದೆ.

ಆರು ವರ್ಷಗಳ ಹಿಂದಿನ ಬೇಸಿಗೆಯಲ್ಲಿ ಆದದ್ದು ಅದೇ. ಎರಡು ಪಂಪುಗಳಲ್ಲಿ ಒಂದು ರಿಪೇರಿಗೆ ಹೋಗಿ ವಾಪಸು ಬಂದಿರಲಿಲ್ಲ. ಉಳಿದದ್ದರ ಸದ್ದು ಬದಲಾಗಿತ್ತು. ಪಂಪಕ್ಕ ರಿಜಿಸ್ಟರಿನಲ್ಲಿ ಮೂರು ಸಲ ಬರೆದರು. ಎಂಜಿನಿಯರು ಮೂರು ಸಲವೂ "ನೋಡೋಣ" ಎಂದರು. ಒಂದು ಭಾನುವಾರ ಬೆಳಿಗ್ಗೆ ಪಂಪು ನಿಂತೇಹೋಯಿತು. ಕೊಳಚೆ ತಗ್ಗಿನ ಬೀದಿಯ ಮನೆಗಳೊಳಗೆ ಉಕ್ಕತೊಡಗಿತು. ಒಂದು ಮನೆಯಲ್ಲಿ ಹತ್ತು ದಿನದ ಬಾಣಂತಿ ಇದ್ದಳು. ಬೇರೆ ದಾರಿ ಕಾಣದೆ ಪಂಪಕ್ಕ ಕೊಳಚೆಯನ್ನು ನೇರವಾಗಿ ನದಿಗೆ ಬಿಡುವ ಗೇಟನ್ನು ತಿರುಗಿಸಿ ತೆರೆದರು. ಮೆಕ್ಯಾನಿಕ್ ಬಂದು ಪಂಪು ಸರಿಯಾಗುವಾಗ ಸಂಜೆ ಆರು. ಅಷ್ಟರಲ್ಲಿ ಹನ್ನೊಂದು ಗಂಟೆ ಕಳೆದಿತ್ತು.

ಮರುದಿನ ಮೂರು ಕಿಲೋಮೀಟರ್ ಉದ್ದಕ್ಕೂ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಅಲ್ಲಿ ಬಲೆ ಹಾಕುತ್ತಿದ್ದವರಲ್ಲಿ ಪಂಪಕ್ಕನ ಸ್ವಂತ ಅಣ್ಣನೂ ಒಬ್ಬರು. ಬೇರೆಯವರು ಹೇಳುವ ಮೊದಲೇ ಇವರೇ ಅಣ್ಣನ ಮನೆಗೆ ಹೋದರು.

"ಗೇಟು ತೆಗ್ದಿದ್ದು ನಾನೇ ಅಣ್ಣಾ, ಅಂದೆ. ಬಲೆ ಮಡಚ್ತಾ ಇದ್ದ. 'ಊಟ ಆಯ್ತಾ' ಅಂತ ಕೇಳ್ದ, ಅಷ್ಟೇ. ಬೈದಿದ್ರೆ ಹಗುರ ಆಗ್ತಿತ್ತು."

ಎರಡು ಮಳೆಗಾಲ ಕಳೆದು ಮೀನು ಮರಳಿತು. ಅಷ್ಟು ಹೊತ್ತಿಗೆ ಅಣ್ಣ ದೋಣಿ ಮಾರಿ ಗೋದಾಮೊಂದರ ಕಾವಲುಗಾರರಾಗಿದ್ದರು. ಈಗಲೂ ಅವರು ನದಿಯ ಕಡೆ ಹೋಗುವುದಿಲ್ಲ.

"ಗೇಟು ತೆಗ್ದಿದ್ದಕ್ಕೆ ಅಲ್ಲ ನನ್ನ ಸಂಕಟ. ಆ ಮನೇಲಿ ಎಳೇ ಕೂಸಿತ್ತು, ತೆಗೀಲೇಬೇಕಿತ್ತು. ಮೂರನೇ ಸಲ ಬರ್ದು ಸುಮ್ನಾದ್ನಲ್ಲ, ಅದಕ್ಕೆ. ಆಫೀಸ್ ಬಾಗಿಲಲ್ಲಿ ಹೋಗಿ ಕೂತ್ಕೋಬೇಕಿತ್ತು."

ಈಗ ಎರಡು ಪಂಪುಗಳಿವೆ. ಒಂದರ ಸದ್ದು ಕೊಂಚ ಕೆಟ್ಟರೂ ಸಾಕು, ಪಂಪಕ್ಕ ಬುತ್ತಿ ಕಟ್ಟಿಕೊಂಡು ಆಫೀಸಿಗೆ ಹೋಗುತ್ತಾರೆ. ಮೆಕ್ಯಾನಿಕ್ ಘಟಕಕ್ಕೆ ಹೊರಡುವವರೆಗೆ ಅಲ್ಲಿಂದ ಏಳುವುದಿಲ್ಲ. ಎಂಜಿನಿಯರು ಇವರ ಊಟದ ಡಬ್ಬಿ ಕಂಡರೇ ಫೋನು ಎತ್ತಿಕೊಳ್ಳುತ್ತಾರಂತೆ.

ನಿವೃತ್ತಿಗೆ ಇನ್ನೆರಡು ವರ್ಷ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಅಣ್ಣ ಒಂದ್ಸಲ ಇಲ್ಲಿಗೆ ಬಂದು ನೋಡ್ಲಿ ಅಂತ."

"ಕರೆದಿದ್ದೀರಾ?"

"ಇಲ್ಲ. ಎಲ್ಲಾ ತೋರಿಸ್ಬೋದು. ಆ ಗೇಟಿನ ಮುಂದೆ ಬಂದಾಗ ಏನಂತ ಹೇಳ್ಲಿ?"