ಬಂಡೆಪ್ಪನ ಕೈಗುಣ

ಮುಂಬೈನ ಭಾಂಡುಪ್‌ನ ಆ ಚಾಳಿನಲ್ಲಿ ಯಾರಿಗೆ ಕೈಕಾಲು ಉಳುಕಿದರೂ ಮೊದಲು ಬಂಡೆಪ್ಪನ ಬಾಗಿಲನ್ನೇ ತಟ್ಟುತ್ತಿದ್ದರು. ವಿಜಯಪುರದ ಕಡೆಯವನು, ಬಟ್ಟೆ ಅಂಗಡಿಯ ನೌಕರ. ಎಣ್ಣೆ ಹಚ್ಚಿ ನೀವಿದನೆಂದರೆ ನೋವು ಇಳಿಯುತ್ತಿತ್ತು, ಅವನ ಜಂಬ ಏರುತ್ತಿತ್ತು. ಕೈಗುಣ ಅಂದರೆ ಇದು ಎಂದು ನಾಲ್ಕು ಜನ ಹೊಗಳಿದರೆ ಅವನಿಗೆ ಅಂದಿನ ಊಟವೂ ಬೇಡ.

ಕಳೆದ ಶನಿವಾರ ಪಕ್ಕದ ಮನೆಯ ಧನರಾಜ್ ಮೆಟ್ಟಿಲಲ್ಲಿ ಜಾರಿ ಬಿದ್ದ. ಉಡುಪಿ ಹೋಟೆಲಿನಲ್ಲಿ ಅಡುಗೆ ಮಾಡುವ ಗಟ್ಟಿ ಆಳು. ಪೆಟ್ಟಾದದ್ದು ಎಡ ಪಕ್ಕೆಗೆ, ಆದರೆ ಸ್ವಲ್ಪ ಹೊತ್ತಿಗೆ ನೋಯತೊಡಗಿದ್ದು ಎಡ ಭುಜ.

"ಆಸ್ಪತ್ರೆಗೆ ಹೋಗುವನಾ ಬಂಡೆಪ್ಪಣ್ಣ?" ಎಂದಳು ಅವನ ಹೆಂಡತಿ ವಾರಿಜಾ.

"ಭುಜ ಉಳುಕೈತಿ ತಂಗಿ. ಅದಕ್ಯಾಕ ದವಾಖಾನಿ? ನಾ ಅದೀನಲ್ಲ!"

ಭುಜಕ್ಕೆ ಏನೂ ತಾಗಿಲ್ಲ ಎಂದು ಧನರಾಜ್ ಎರಡು ಸಲ ಹೇಳಿದ. ಬಂಡೆಪ್ಪ ಕಿವಿಗೆ ಹಾಕಿಕೊಳ್ಳದೆ ಭುಜಕ್ಕೆ ಎಣ್ಣೆ ಹಚ್ಚಿ ನೀವಿದ. ಮರುದಿನ ಬೆಳಿಗ್ಗೆ ಮತ್ತೆ ನೀವುತ್ತಿದ್ದಾಗ ಧನರಾಜನ ಮೈ ತಣ್ಣಗೆ ಬೆವೆತಿತು, ಕಣ್ಣು ಮೇಲಾಯಿತು. ಬಂಡೆಪ್ಪನೇ ಅವನನ್ನು ಹೊತ್ತು ರಿಕ್ಷಾದಲ್ಲಿ ಹಾಕಿಕೊಂಡು ಓಡಿದ.

ಆಪರೇಷನ್ ಮುಗಿಸಿ ಹೊರಗೆ ಬಂದ ಡಾಕ್ಟರ್ ಸೌಮ್ಯಾ ಕನ್ನಡದಲ್ಲೇ ಬಿಡಿಸಿ ಹೇಳಿದರು. "ಎಡ ಪಕ್ಕೆಯ ಒಳಗೆ ಗುಲ್ಮ, ಅಂದ್ರೆ ಸ್ಪ್ಲೀನ್ ಅಂತ ಒಂದು ಅಂಗ ಇರುತ್ತೆ. ಅದು ಒಡೆದು ಹೊಟ್ಟೆಯೊಳಗೆ ರಕ್ತ ಸೋರಿದೆ. ಆಗ ನೋವು ಭುಜದಲ್ಲಿ ಕಾಣಿಸಬಹುದು. ಗುಲ್ಮವನ್ನ ತೆಗೆಯಬೇಕಾಯ್ತು. ನಿನ್ನೆಯೇ ಬಂದಿದ್ರೆ ಬಹುಶಃ ಉಳಿಸಬಹುದಿತ್ತು. ಅದಿಲ್ಲದವರಿಗೆ ಸೋಂಕು ಬೇಗ ಏರುತ್ತೆ, ಇನ್ನು ಲಸಿಕೆ ತಪ್ಪಿಸಬಾರದು. ಸಣ್ಣ ಜ್ವರ ಬಂದ್ರೂ ತಕ್ಷಣ ಆಸ್ಪತ್ರೆಗೆ ಬರಬೇಕು. ಬದುಕಿರೋವರೆಗೂ ಅಷ್ಟೇ."

ವಾರಿಜಾ ಔಷಧಿ ತರಲು ಹೋಗಿದ್ದಳು. ಈ ಮಾತು ಕೇಳಿಸಿಕೊಂಡವನು ಬಂಡೆಪ್ಪ ಒಬ್ಬನೇ. ನಾಚಿಕೆಯಿಂದ ಅವನ ಮೈ ಹಿಡಿಯಾಯಿತು.

ಮೂರನೆಯ ದಿನ ಆಸ್ಪತ್ರೆಯಲ್ಲಿ ವಾರಿಜಾ ಅವನಿಗೆ ಕೈ ಮುಗಿದಳು. "ನೀವು ಹೊತ್ತುಕೊಂಡು ಬಾರದಿದ್ರೆ ಇವರು ಉಳಿತಿರಲಿಲ್ಲ. ಚಾಳಿನಲ್ಲಿ ಎಲ್ಲ ನಿಮ್ಮದೇ ಮಾತು."

ಸುಮ್ಮನಿದ್ದುಬಿಟ್ಟರೆ ಆಗುತ್ತಿತ್ತು. ಒಂದು ಗಳಿಗೆ ಸುಮ್ಮನಿದ್ದದ್ದೂ ನಿಜ, ಆ ಹೊಗಳಿಕೆ ಆಗಲೂ ಸಿಹಿಯೆನಿಸಿತು. ಅದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಹಾಸಿಗೆಯಿಂದ ಧನರಾಜ್ ನಿಧಾನಕ್ಕೆ ಕರೆದ. "ಅಣ್ಣ, ಭುಜ ಇನ್ನೂ ಸ್ವಲ್ಪ ಹಿಡಿದ ಹಾಗೆ ಉಂಟು. ನೀವೊಮ್ಮೆ ಎಣ್ಣೆ ಹಚ್ಚಿ ನೀವಿದ್ರೆ..." ಎನ್ನುತ್ತ ಭುಜವನ್ನು ಅವನ ಕಡೆ ಹೊರಳಿಸಿದ.

ಬಂಡೆಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ಬ್ಯಾಡೋ ತಮ್ಮಾ. ಅವತ್ತ ನಿನ್ನ ದವಾಖಾನಿಗೆ ಹೋಗಗೊಡದಾಂವ ನಾನ. ಒಂದಿನ ಮೊದಲ ಬಂದಿದ್ರ ಆ ಗುಲ್ಮ ತಗೀಬೇಕಾಗತಿರಲಿಲ್ಲೇನೋ ಅಂದ್ರು ಡಾಕ್ಟರ್. ನನ್ನ ಸೊಕ್ಕಿನಿಂದ ನಿನಗೀ ಗತಿ ಬಂತು."

ಧನರಾಜ್ ಅವನನ್ನೇ ನೋಡಿದ. ಹೊರಳಿಸಿದ್ದ ಭುಜವನ್ನು ಮೆಲ್ಲಗೆ ಚಾದರದೊಳಗೆ ಎಳೆದುಕೊಂಡ.