ಮುಂದಿನ ಸೀಟಿನ ಟವಲು

ಕಳೆದ ಭಾನುವಾರ ವಾಷಿಂಗ್ಟನ್ ಹತ್ತಿರದ ಲ್ಯಾನ್‌ಹ್ಯಾಮ್ ದೇವಸ್ಥಾನದ ಕೆಳಗಿನ ಕ್ಯಾಂಟೀನಿನಲ್ಲಿ ಕುರ್ಚಿಯೊಂದರ ಮೇಲೆ ಟವಲು ಹಾಕಿ ಪುಳಿಯೋಗರೆಯ ಕ್ಯೂಗೆ ಹೋಗಿ ನಿಂತೆ. ಅಡುಗೆಮನೆಯಲ್ಲಿ ಪಾತ್ರೆ ಒರೆಸುವಂಥ ಟವಲು ಅದು. ಒಗೆದೂ ಒಗೆದೂ ಬಣ್ಣ ಬಿಟ್ಟಿದ್ದರೂ ನಡುವಿನ ಕೆಂಪು ಡ್ರ್ಯಾಗನ್ ಮಾತ್ರ ಇನ್ನೂ ನಾಲಿಗೆ ಚಾಚಿಕೊಂಡೇ ಇದೆ. ನಾನು ತಟ್ಟೆ ಹಿಡಿಯುವ ಹೊತ್ತಿಗೆ ಇಲ್ಲೇ ಹುಟ್ಟಿ ಬೆಳೆದ ಹುಡುಗಿಯೊಬ್ಬಳು ಅದನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಬಂದು, ‘ಆಂಟಿ, ಇದು ನಿಮ್ದು ಬಿತ್ತು’ ಎಂದಳು. ಬಿದ್ದದ್ದಲ್ಲಮ್ಮ, ಹಾಕಿದ್ದು ಎಂದು ನಾನು ಹೇಳುವಷ್ಟರಲ್ಲಿ ಅವಳ ತಂದೆಯೇ ಆ ಕುರ್ಚಿಯಲ್ಲಿ ಕೂತು ಮೊಸರನ್ನ ಕಲಸತೊಡಗಿದ್ದರು.

ಸೀಟಿನ ಮೇಲೆ ಬಟ್ಟೆ ಹಾಕುವುದೆಂದರೆ ಏನೆಂದು ನಿಮಗೆ ವಿವರಿಸಬೇಕಾಗಿಲ್ಲ. ಬಸ್ಸು ಸ್ಟ್ಯಾಂಡಿನೊಳಗೆ ತಿರುಗುತ್ತಿರುವಾಗಲೇ ಕಿಟಕಿಯಿಂದ ಒಳಗೆ ತೂರಿದ ಕರ್ಚೀಫು, ಕೊಡೆ, ಟಿಫಿನ್ ಬಾಕ್ಸು, ಕೆಲವೊಮ್ಮೆ ಅಳುವ ಕೂಸು, ಎಲ್ಲವೂ ಒಂದೊಂದು ಆಳಿಗೆ ಸಮ. ಮೈಸೂರಿನವಳಾದ ನಾನು ಈ ಕಾನೂನನ್ನು ನಂಬಿ ವಾಷಿಂಗ್ಟನ್ನಿನ ಮೆಟ್ರೋದಲ್ಲಿ ಮೊದಲ ವಾರವೇ ಸೀಟಿನ ಮೇಲೆ ಕರ್ಚೀಫು ಇಟ್ಟು, ಬಾಗಿಲ ಬಳಿಯ ನಕ್ಷೆ ನೋಡಲು ಹೋಗಿದ್ದೆ. ತಿರುಗಿ ಬಂದಾಗ ಸೀಟು ಖಾಲಿಯೇ ಇತ್ತು. ಅಷ್ಟೇ ಅಲ್ಲ, ಅದರ ಸುತ್ತಲ ಸೀಟುಗಳೂ ಖಾಲಿಯಾಗಿದ್ದವು. ಆ ಬಟ್ಟೆಯಲ್ಲಿ ಏನಿದೆಯೋ ಎಂದು ಎಲ್ಲರೂ ದೂರ ಸರಿದು ನಿಂತಿದ್ದರು.

ಈ ಕಾನೂನನ್ನು ಸಮುದ್ರ ದಾಟಿಸಿ ಇಂಗ್ಲೆಂಡಿನ ಪಕ್ಕದ ವೇಲ್ಸ್ ದೇಶದವರೆಗೆ ಒಯ್ದವರು ನಮ್ಮ ಮೌಶಿ. ಮೌಶಿ ಎಂದರೆ ನನ್ನ ಗಂಡನ ಚಿಕ್ಕಮ್ಮ. ಗದಗಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾಗಿ, ಈಗ ಅಮೆರಿಕದ ಫೋರ್ಟ್ ಮಿಲ್‌ನಲ್ಲಿ ಮಗನ ಮನೆಯಲ್ಲಿದ್ದಾರೆ. ನನಗೆ ಐವತ್ತು ದಾಟಿದರೂ ಅವರ ಬಾಯಲ್ಲಿ ನಾನಿನ್ನೂ ‘ಹುಡುಗಿ’. ಅವರು ಬರುತ್ತಾರೆಂದರೆ ನಮ್ಮ ಮನೆಯ ಚಟ್ನಿಪುಡಿ ಡಬ್ಬಿಗಳೂ ನೆಟ್ಟಗೆ ನಿಲ್ಲುತ್ತವೆ.

ಮೌಶಿಗೆ ಎಪ್ಪತ್ತು ತುಂಬಿದಾಗ ಮಗ, ‘ಅವ್ವಾ, ಎಲ್ಲಿಗೆ ಹೋಗ್ತಿ ಹೇಳು, ಕಳಸ್ತೀನಿ’ ಎಂದ. ಕಾಶಿಯೋ ಪ್ಯಾರಿಸ್ಸೋ ಎಂದು ನಾವೆಲ್ಲ ಊಹಿಸುತ್ತಿದ್ದರೆ ಮೌಶಿ ವೇಲ್ಸ್ ಎಂದರು. ಯಾಕೆ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಕಾರಣ ನನಗೆ ಇವತ್ತಿಗೂ ನೆನಪಿದೆ.

‘ಲಂಡನ್ನಿಗೆ ಎರಡು ಪಾಠ ಮಾಡೀನಿ, ಸ್ಕಾಟ್ಲೆಂಡಿಗೆ ಒಂದು. ವೇಲ್ಸಿಗೆ ಒಂದ ಸಾಲು. ಕಲ್ಲಿದ್ದಲು, ಕುರಿ, ಮಳಿ, ಬರಕೋರಿ ಅಂತ ಹೇಳಿ ಮುಗಿಸಿಬಿಡತಿದ್ದೆ. ಒಂದ ಸಾಲಿನ್ಯಾಗ ಮುಗಿಯೂ ದೇಶ ಇರ್ತದೇನು ಎಲ್ಲ್ಯರ? ಹೋಗಿ ನೋಡಿ ಬರಬೇಕು.’

ಟೂರು ಬುಕ್ ಆದದ್ದು ಎರಡು ಸಾವಿರದ ಇಪ್ಪತ್ತರಲ್ಲಿ. ಆಮೇಲೆ ಏನಾಯಿತೆಂದು ನಿಮಗೂ ಗೊತ್ತು. ಮುಂದಿನ ವರ್ಷ, ಅದರ ಮುಂದಿನ ವರ್ಷ ಎಂದು ಟೂರಿನವರು ಮುಂದೂಡುತ್ತಾ ಹೋದರು. ಮೌಶಿಯ ಕಣ್ಣು ಮಾತ್ರ ಅಷ್ಟು ದಿನ ಕಾಯಲಿಲ್ಲ. ಗ್ಲಾಕೋಮಾ ಎಂದರು ಡಾಕ್ಟರು. ಅಂಚಿನಿಂದ ಒಳಗೊಳಗೆ ಮುಚ್ಚಿಕೊಂಡು ಬರುವ ಕಾಯಿಲೆ. ನೇರ ಎದುರಿಗಿರುವುದು ಕಾಣುತ್ತದೆ, ಆಚೀಚೆಯದು ಕಾಣುವುದಿಲ್ಲ, ಹೋದ ನೋಟ ಹಿಂದಕ್ಕೆ ಬರುವುದಿಲ್ಲ. ಕೊನೆಗೆ ಹೊರಡುವ ದಿನ ಬಂದಾಗ ಮಗನಿಗೆ ರಜೆ ಸಿಗಲಿಲ್ಲ, ಜೊತೆಗೆ ನಾನು ಹೊರಟೆ. ಈಗ ನೋಡದಿದ್ದರೆ ಇನ್ನು ನೋಡುವುದಿಲ್ಲ ಎನ್ನುವುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ವಾಷಿಂಗ್ಟನ್ನಿನ ಡಲ್ಲಸ್ ಏರ್‌ಪೋರ್ಟಿನಲ್ಲೇ ನನ್ನಿಂದ ಮಾತು ತೆಗೆದುಕೊಂಡರು. ‘ನನ್ನ ಕಣ್ಣಿನ ಸುದ್ದಿ ಯಾರ ಮುಂದೂ ಎತ್ತಬ್ಯಾಡ ನೋಡು. ಎತ್ತಿದಿ ಅಂದ್ರ ಎಲ್ಲಾರೂ ಅಯ್ಯೋ ಪಾಪ ಅಂತ ಸುತ್ತ ನಿಂದರತಾರ. ಆಮ್ಯಾಲೆ ನಾ ಅವರ ಮಾರಿ ನೋಡ್ಕೋತ ಕೂಡಬೇಕು, ಗುಡ್ಡ ಅಲ್ಲ.’

ಟೂರಿನ ಬಸ್ಸಿನಲ್ಲಿದ್ದವರು ಹೆಚ್ಚಾಗಿ ಅಮೆರಿಕದವರೇ, ನಿವೃತ್ತರು, ಒಳ್ಳೆಯ ಬೂಟು ಹಾಕಿದವರು. ಗೈಡು ರಿಯಾನ್ ಎಂಬ ಹೆಂಗಸು, ವೇಲ್ಸಿನವಳೇ. ತುಂಡುಗೂದಲು, ದೊಡ್ಡ ನಗು, ಮೈಕು ಇಲ್ಲದಿದ್ದರೂ ನಡೆಯುವಂಥ ಗಂಟಲು. ಮೊದಲ ದಿನ ಅದೃಷ್ಟಕ್ಕೆ ಮೌಶಿಗೆ ಡ್ರೈವರನ ಹಿಂದಿನ ಸೀಟೇ ಸಿಕ್ಕಿತು. ದೊಡ್ಡ ಗಾಜಿನೊಳಗಿಂದ ರಸ್ತೆಯೂ ಬೇಲಿಯೂ ಊರೂ ನೇರ ಅವರ ಕಣ್ಣಿನೊಳಕ್ಕೇ ಬರುತ್ತಿದ್ದವು. ರಸ್ತೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದ ‘ಅರಾವ್’ ಎಂಬ ಅವರ ಭಾಷೆಯ ಪದವನ್ನು ತೋರಿಸಿ ರಿಯಾನ್, ಅದರರ್ಥ ನಿಧಾನ ಎಂದಳು. ಮೌಶಿಗೆ ಅದು ಬಹಳ ಹಿಡಿಸಿತು. ಆಮೇಲೆ ನಾನು ಊಟ ಬೇಗ ಬೇಗ ಮಾಡಿದರೂ ‘ಅರಾವ್’, ಮೆಟ್ಟಿಲು ಬೇಗ ಹತ್ತಿದರೂ ‘ಅರಾವ್’.

ಮಾರನೆಯ ಬೆಳಿಗ್ಗೆ ಹೊಸ ವಿಷಯವೊಂದು ತಿಳಿಯಿತು. ಆ ಬಸ್ಸಿನಲ್ಲಿ ದಿನಕ್ಕೊಮ್ಮೆ ಎಲ್ಲರೂ ಎರಡೆರಡು ಸೀಟು ಹಿಂದಕ್ಕೆ ಸರಿಯಬೇಕು, ಹಿಂದಿನವರು ಮುಂದಕ್ಕೆ ಬರಬೇಕು. ಎಲ್ಲರಿಗೂ ಒಂದು ದಿನ ಮುಂದಿನ ಗಾಜು ಸಿಗಲಿ ಎಂಬ ನ್ಯಾಯ. ಮೌಶಿ ಕೇಳಿಸಿಕೊಂಡು ಚೀಲ ಎತ್ತಿ ಹಿಂದಕ್ಕೆ ಸರಿದರು. ಆದರೆ ಅದರ ಮಾರನೆಯ ದಿನ ಎಲ್ಲರೂ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಾಗ ಅವರು ಎದ್ದು ಹೊರಗೆ ಹೋಗಿ ಬಂದರು. ನಾವು ಹತ್ತಿದಾಗ ಮುಂದಿನ ಸೀಟಿನ ಮೇಲೆ ನೀಲಿ ಅಂಚಿನ ಕರ್ಚೀಫೊಂದು ಹರಡಿಕೊಂಡಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಟ್ಲಾಂಟಾದಿಂದ ಒಬ್ಬರೇ ಬಂದಿದ್ದ ವಾಲ್ಟರ್ ಎಂಬ ಎತ್ತರದ ಮನುಷ್ಯ ಹಿಂದಿನ ತಮ್ಮ ಸೀಟಿಗೆ ಹೋಗುತ್ತಾ ಅದನ್ನು ಮೆಲ್ಲಗೆ ಎತ್ತಿ ರಿಯಾನಳ ಕೈಗೆ ಕೊಟ್ಟರು. ಅವಳು ಮೈಕಿನಲ್ಲಿ, ‘ಇದನ್ನು ಯಾರು ಕಳೆದುಕೊಂಡಿದ್ದೀರಿ?’ ಎಂದು ಕೇಳಿದಳು.

ಮೌಶಿ ಎದ್ದು ನಿಂತರು. ಮೂವತ್ತು ವರ್ಷ ಹುಡುಗರನ್ನು ಗದರಿಸಿದ ಇಂಗ್ಲಿಷಿನಲ್ಲಿ, ‘ಅದು ಕಳೆದಿಲ್ಲ. ಅದು ನಾನು’ ಎಂದರು. ನಮ್ಮ ಕಡೆ ಸೀಟಿನ ಮೇಲೆ ಇಟ್ಟ ಬಟ್ಟೆಯನ್ನು ಬಟ್ಟೆ ಎನ್ನುವುದಿಲ್ಲ, ಅದು ಮನುಷ್ಯ, ಮನುಷ್ಯನನ್ನು ಯಾರೂ ಎತ್ತಿ ಕೆಳಗಿಡುವುದಿಲ್ಲ ಎಂದು ವಿವರಿಸಿದರು. ಬಸ್ಸೆಲ್ಲ ನಕ್ಕಿತು. ರಿಯಾನಳೂ ನಕ್ಕಳು. ಆಮೇಲೆ ಕರ್ಚೀಫನ್ನು ಮಡಿಸಿ ಕೊಡುತ್ತಾ, ‘ಬಹಳ ಒಳ್ಳೆಯ ಕಾನೂನು. ಆದರೆ ಇಲ್ಲಿ ಸರದಿಯ ಕಾನೂನು’ ಎಂದಳು. ಮೌಶಿ ಅದನ್ನು ತೆಗೆದುಕೊಂಡು ತಮ್ಮ ಸಾಲಿಗೆ ಹೋಗಿ ಕೂತರು. ‘ಅಕಿ ಹೇಳೂದೂ ಖರೇನ ಅದ’ ಎಂದರು ನನಗೆ.

ಅಲ್ಲಿಂದ ಮುಂದೆ ದಿನಗಳು ಪಕ್ಕದ ಕಿಟಕಿಯಲ್ಲಿ ಕಳೆದವು. ರಿಯಾನ್ ‘ಎಡಕ್ಕೆ ನೋಡಿ, ಕೋಟೆ’ ಎನ್ನುವಳು. ಮೌಶಿ ಇಡೀ ಕುತ್ತಿಗೆ ತಿರುಗಿಸಿ ಹುಡುಕುವರು. ಹುಡುಕುವಷ್ಟರಲ್ಲಿ ಮರ ಅಡ್ಡ ಬರುವುದು.

‘ಎಲ್ಲದ?’

‘ಹೋಯ್ತು ಮೌಶಿ.’

ಹೀಗೆ ಎಷ್ಟು ಸಲ ‘ಹೋಯ್ತು’ ಎಂದೆನೋ. ಹೇಳುವಾಗೆಲ್ಲ ನಾನೇ ಏನೋ ಕಸಿದುಕೊಂಡಂತೆ ಸಂಕಟವಾಗುತ್ತಿತ್ತು. ಬಸ್ಸು ನಿಂತಲ್ಲಿ ಮಾತ್ರ ಅವರಿಗೆ ಹಬ್ಬ. ಕೊನ್ವಿ ಕೋಟೆಯ ಬಾಗಿಲಲ್ಲಿ ನಿಂತು ನಿಧಾನವಾಗಿ ತಲೆಯೆತ್ತಿ ಬುರುಜು ನೋಡಿದರು. ಈ ಜನರನ್ನು ಹದ್ದುಬಸ್ತಿನಲ್ಲಿಡಲು ಇಂಗ್ಲೆಂಡಿನ ರಾಜ ಕಟ್ಟಿಸಿದ ಕೋಟೆ ಇದು ಎಂದು ರಿಯಾನ್ ಹೇಳಿದಾಗ ಮೌಶಿ ನನ್ನ ಕಿವಿಯಲ್ಲಿ, ‘ಕಟ್ಟಿಸಿದ ರಾಜಾ ಹೋದ. ಇವರು ಇಲ್ಲೇ ಅದಾರ, ಬಾಗಲದಾಗ ಕೂತು ಟಿಕೆಟ್ ಹರೀತಾರ’ ಎಂದು ನಕ್ಕರು. ಒಳಗಿನ ಮೆಟ್ಟಿಲನ್ನು ಕಾಲ ಬೆರಳಿನಿಂದ ತಡವಿ ತಡವಿ ಹತ್ತಿದರು. ಕೈ ಕೊಡಹೋದರೆ ಬೇಡವೆಂದರು. ನಾನೋ, ಫೋನು ಎತ್ತಿ ಫೋಟೋ ಹೊಡೆದುಕೊಂಡು ಮುಂದೆ ಹೋಗುತ್ತಿದ್ದೆ. ಆ ಫೋಟೋಗಳನ್ನು ಇವತ್ತಿನವರೆಗೂ ತೆರೆದು ನೋಡಿಲ್ಲ.

ಟೂರಿನ ಜೀವಾಳವೇ ಬೆಟ್ಟದ ಕಣಿವೆಯ ರಸ್ತೆ ಎಂದು ರಿಯಾನ್ ಮೊದಲ ದಿನದಿಂದ ಹೇಳುತ್ತಿದ್ದಳು. ಆ ದಿನ ಬಂದಾಗ ಸರದಿಯ ಪ್ರಕಾರ ನಮ್ಮದು ಕಟ್ಟಕಡೆಯ ಸಾಲು. ಅಲ್ಲಿಂದ ಎದುರಿಗೆ ಕಾಣುವುದು ಮುಂದಿನವರ ತಲೆ ಮಾತ್ರ. ರಿಯಾನಳಿಗೆ ಹೇಳಿಬಿಡುತ್ತೇನೆ ಎಂದೆ.

‘ಬ್ಯಾಡ ಅಂದ್ರ ಬ್ಯಾಡ. ಸರದಿ ಅಂದ್ರ ಸರದಿ. ಹುಡುಗ್ರಿಗೆಲ್ಲಾ ಅದನ್ನ ಕಲಿಸಿ ಈಗ ನಾನ ಮುರೀಲೇನು?’ ಎಂದು ಕರ್ಚೀಫನ್ನು ಚೀಲದ ತಳಕ್ಕೆ ತುರುಕಿದರು.

ಬಸ್ಸು ಹತ್ತಿದೆವು. ಮುಂದಿನ ಸೀಟಿನ ಮೇಲೆ ಒಂದು ಟವಲು ಹರಡಿತ್ತು. ಅಲ್ಲಿ ಪ್ರತಿ ಅಂಗಡಿಯಲ್ಲೂ ಮಾರುವ, ಕೆಂಪು ಡ್ರ್ಯಾಗನ್ನಿನ ಹೊಚ್ಚಹೊಸ ಟವಲು. ಆ ದಿನ ಅಲ್ಲಿ ಕೂರಬೇಕಾದವರು ವಾಲ್ಟರ್. ಅವರು ಆಗಲೇ ಕಡೆಯ ಸಾಲಿನಲ್ಲಿ ಉದ್ದನೆಯ ಕಾಲು ಮಡಚಿಕೊಂಡು ಕೂತು ನಮ್ಮತ್ತ ಕೈ ಬೀಸಿದರು.

ಮೌಶಿ ನನ್ನತ್ತ ತಿರುಗಿ ದುರುಗುಟ್ಟಿದರು. ನಾನು ಹೇಳಿರಲಿಲ್ಲ, ದೇವರಾಣೆಗೂ ಹೇಳಿರಲಿಲ್ಲ. ದಿನವಿಡೀ ‘ಅಲ್ಲಿ ನೋಡಿ’ ಎಂದು ತೋರಿಸುವವಳಿಗೆ ಯಾರಿಗೆ ಕಾಣುತ್ತಿಲ್ಲ ಎನ್ನುವುದು ತಾನೇ ತಿಳಿದಿರಬೇಕು. ರಿಯಾನ್ ಕಣ್ಣಿನ ಮಾತನ್ನೇ ಎತ್ತಲಿಲ್ಲ. ‘ನಿಮ್ಮ ಕಾನೂನಿನಂತೆ ಇಲ್ಲಿ ಆಗಲೇ ಒಬ್ಬರು ಕೂತಿದ್ದಾರೆ ಟೀಚರ್. ಅವರನ್ನು ಎತ್ತಿ ಕೆಳಗಿಡಲು ನನಗೆ ಅಧಿಕಾರವಿಲ್ಲ’ ಎಂದಳು.

ಮೌಶಿ ಟವಲನ್ನು ಕೈಯಿಂದ ಸವರಿ, ಎತ್ತಿ ತೊಡೆಯ ಮೇಲೆ ಹಾಕಿಕೊಂಡು ಕೂತರು. ನಾನು ಪಕ್ಕದಲ್ಲಿ ಕೂರಹೋದರೆ, ‘ನೀ ಹಿಂದ ಹೋಗು ಹುಡುಗಿ. ಆ ಮನಶ್ಯಾ ಒಬ್ಬನ ಕೂತಾನ’ ಎಂದು ಅಟ್ಟಿದರು.

ಹಾಗಾಗಿ ಆ ಪ್ರಸಿದ್ಧ ಕಣಿವೆಯನ್ನು ನಾನು ನೋಡಲಿಲ್ಲ. ನೋಡಿದ್ದು ಬಸ್ಸಿನ ಇನ್ನೊಂದು ತುದಿಯಲ್ಲಿ ಸೀಟಿನ ಮೇಲೆ ಕಾಣುತ್ತಿದ್ದ ಬಿಳಿ ತುರುಬನ್ನು. ಅದು ಅತ್ತಿತ್ತ ಹುಡುಕುತ್ತಿರಲಿಲ್ಲ, ನೆಟ್ಟಗಿತ್ತು. ವಾಲ್ಟರ್ ಬಗ್ಗಿ, ‘ಅವರಿಗೆ ಕಾಣುತ್ತಿದೆಯೇ?’ ಎಂದು ಕೇಳಿದರು. ಕಾಣುತ್ತಿದೆ ಎಂದೆ, ಎಂದವಳೇ ಅತ್ತುಬಿಟ್ಟೆ. ಅವರು ಕಿಟಕಿಯ ಕಡೆ ಮುಖ ಮಾಡಿ ಕುರಿಗಳನ್ನು ಹೊಗಳತೊಡಗಿದರು.

ಸಂಜೆ ಚಹಾದ ಹೊತ್ತಿಗೆ ಮೌಶಿ ನನ್ನನ್ನು ಎದುರಿಗೆ ಕೂರಿಸಿಕೊಂಡರು. ‘ನೀ ಏನೂ ನೋಡಿಲ್ಲ, ಕೇಳು. ಗೋಡಿಯಿಂದ ಶುರು ಮಾಡ್ತೀನಿ’ ಎಂದರು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಗೋಡೆ, ಅದು ಗುಡ್ಡದ ನೆತ್ತಿಯವರೆಗೂ ಹೋಗಿ ಮೋಡದೊಳಗೆ ಮುಳುಗಿದ್ದು, ಗೋಡೆಯಾಚೆ ಬೆನ್ನಿಗೆ ನೀಲಿ ಗುರುತು ಹಾಕಿದ ಕುರಿಗಳು, ಕರಿಗಲ್ಲು ಅಗೆದು ಸುರಿದ ರಾಶಿಗಳು, ಕೆಳಗೆ ಬಿಸಿಲು ಬಿದ್ದಲ್ಲಿ ಮಾತ್ರ ಬೆಳಗುವ ಕೆರೆ. ಚಹಾ ಆರಿತು, ಮೌಶಿಯ ಮಾತು ಮುಗಿಯಲಿಲ್ಲ. ಕೊನೆಗೆ ಉಸಿರು ಬಿಟ್ಟು, ‘ಒಂದ ಸಾಲಿಗೆ ಮುಗೀಲಿಲ್ಲ ನೋಡು’ ಎಂದರು.

ಅದೆಲ್ಲ ಆಗಿ ಕೆಲವು ವರ್ಷಗಳಾದವು. ಈಗ ಮೌಶಿಗೆ ಬೆಳಕು ಯಾವುದು, ನೆರಳು ಯಾವುದು ಎಂಬಷ್ಟೇ ತಿಳಿಯುತ್ತದೆ. ಬೇಸಿಗೆಯಲ್ಲಿ ನಮ್ಮಲ್ಲಿಗೆ ಬಂದು ಇರುತ್ತಾರೆ. ಕಳೆದ ಭಾನುವಾರ ಅವರನ್ನು ಮೇಲೆ ದೇವರ ಮುಂದೆ ಕೂರಿಸಿ ನಾನು ಸೀಟು ಹಿಡಿಯಲು ಕೆಳಗೆ ಬಂದಿದ್ದೆ.

ಟವಲು ಹಿಡಿದುಕೊಂಡು ಆ ಕುರ್ಚಿಯ ಹತ್ತಿರ ಹೋದೆ. ಹುಡುಗಿಯ ತಂದೆ ನನ್ನ ಕೈ ನೋಡಿದವರೇ ಮೊಸರನ್ನದ ಸಮೇತ ಎದ್ದು ನಿಂತರು. ‘ಅಯ್ಯೋ, ಟವಲ್ ಹಾಕಿದ್ರಾ? ಸಾರಿ ಮೇಡಂ, ನೋಡ್ಲೇ ಇಲ್ಲ’ ಎಂದರು. ಮಗಳು ಅವರನ್ನು ವಿಚಿತ್ರವಾಗಿ ನೋಡಿದಳು. ನಾನು ಟವಲು ಹರಡಿ, ಮೇಲೆ ಹೋಗಿ ಮೌಶಿಯ ಕೈ ಹಿಡಿದು ಕರೆತಂದೆ. ಮೆಟ್ಟಿಲ ಬಳಿ ಅವಸರ ಮಾಡಿದ್ದಕ್ಕೆ ‘ಅರಾವ್’ ಎಂದು ಗದರಿಸಿಕೊಂಡೆ.

ಅವರು ಕುರ್ಚಿಯನ್ನು ತಡವಿದರು. ಟವಲು ಕೈಗೆ ಸಿಕ್ಕಿತು, ಬೆರಳುಗಳು ಅದರ ಅಂಚಿನುದ್ದಕ್ಕೂ ಹೋಗಿ ಬಂದವು.

‘ನಾ ಆಗಲೇ ಬಂದು ಕೂತೀನಲ್ಲ’ ಎಂದು ನಕ್ಕು ಕೂತರು. ಆಮೇಲೆ ಮುಖವನ್ನು ನೇರ ಎದುರಿಗೆ ಎತ್ತಿ, ‘ಮುಂದ ಏನೇನು ಅದ?’ ಎಂದು ಕೇಳಿದರು.

‘ಏನಿಲ್ಲ ಮೌಶಿ, ಜನ ಊಟ ಮಾಡ್ತಿದಾರೆ.’

‘ಒಂದ ಸಾಲಿನ್ಯಾಗ ಮುಗಸಬ್ಯಾಡ.’

ತಟ್ಟೆ ತರಲು ಹೊರಟವಳು ನಿಂತು ತಲೆಯೆತ್ತಿ ನೋಡಿದೆ. ಇಷ್ಟು ವರ್ಷ ಬಂದು ಹೋದ ಜಾಗವನ್ನು ಅವತ್ತು ಮೊದಲ ಸಲ ನೋಡಿದೆ. ಗೋಡೆಯಿಂದ ಶುರು ಮಾಡಿದೆ.