ಕೆಂಪಿ ಇಟ್ಟುಹೋದ ನೆಲ್ಲು

ವಯನಾಡಿನ ಪನಮರಂ ಬಸ್ ನಿಲ್ದಾಣದ ಹತ್ತಿರ, ಮೊಬೈಲ್ ರಿಪೇರಿ ಅಂಗಡಿಗೂ ಬೇಕರಿಗೂ ನಡುವೆ, ಈಚೆಗೆ ಒಂದು ಸಣ್ಣ ಅವಲಕ್ಕಿ ಅಂಗಡಿ ಬಂದಿದೆ. ಬತ್ತೇರಿಯಿಂದ ಅಲ್ಲಿಗೆ ಮದುವೆಯೊಂದಕ್ಕೆ ಹೋಗಿದ್ದ ನಾನು ವಾಪಸು ಬಸ್ಸಿಗೆ ಕಾಯುತ್ತ ಅದರ ಮುಂದೆ ನಿಂತೆ. ನಿಲ್ಲಿಸಿದ್ದು ನನ್ನ ಮೂಗು. ಗಂಧಕಸಾಲೆ ಭತ್ತವನ್ನು ಹುರಿದು, ಬಿಸಿ ಆರುವ ಮೊದಲೇ ಕುಟ್ಟಿದಾಗ ಏಳುವ ವಾಸನೆ ನಿಮಗೆ ಗೊತ್ತಿದ್ದರೆ ನಾನು ವಿವರಿಸಬೇಕಾಗಿಲ್ಲ. ಗೊತ್ತಿಲ್ಲದಿದ್ದರೆ ವಿವರಿಸಿ ಪ್ರಯೋಜನವಿಲ್ಲ. ಮದುವೆಯೂಟ ಕಂಠದವರೆಗೆ ತುಂಬಿದ್ದರೂ ಬಾಯಲ್ಲಿ ನೀರೂರಿತು. ಈ ವಯಸ್ಸಿನಲ್ಲಿ ಹೀಗೆ ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೇ.

ಅಂಗಡಿಯಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಹೆಂಗಸಿದ್ದಳು. ನಾನು ಫೋನಿನಲ್ಲಿ ಮಗಳ ಜೊತೆ ಮಾತಾಡಿದ್ದನ್ನು ಕೇಳಿಸಿಕೊಂಡಿದ್ದಳೆಂದು ಕಾಣುತ್ತದೆ, ಮಲೆಯಾಳ ಬಿಟ್ಟು ಕನ್ನಡದಲ್ಲೇ ಕೇಳಿದಳು.

“ಪೊಟ್ಟಣ ಬೇಕಾಮ್ಮ, ಅಳ್ದು ಕೊಡ್ಲಾ?”

“ಎರಡಕ್ಕೂ ಏನು ವ್ಯತ್ಯಾಸ?”

“ಅವಲು ಒಂದೇ. ಪೊಟ್ಟಣಕ್ಕೆ ನಮ್ಮ ಸಂಘದ ಹೆಸರು ಅಚ್ಚು ಹಾಕ್ಸಿದೀವಿ, ಅದ್ಕೆ ಟ್ಯಾಕ್ಸು ಬತ್ತದ. ಅಳ್ದು ಕೊಟ್ರೆ ಇಲ್ಲ.”

“ಹಾಗಾದರೆ ಹೆಸರು ಯಾಕೆ ಹಾಕಿಸಿದಿರಿ?”

“ಹೆಸರಿಲ್ದಿದ್ರೆ ಮೈಸೂರು ಅಂಗಡಿಯೋರು ತಕ್ಕೊಳಲ್ಲ ಕನಮ್ಮ.”

ಅಳೆದೇ ಕೊಡು ಎಂದೆ. ಅವಳು ಸೇರಿನಲ್ಲಿ ತುಂಬಿ ತುಂಬಿ ನನ್ನ ಚೀಲಕ್ಕೆ ಸುರಿದಳು. ಸುರಿದು ಮುಗಿದ ಮೇಲೆ ಚೀಲದೊಳಗೆ ಕೈಹಾಕಿ ಒಂದು ಚಿಟಿಕೆ ಅವಲಕ್ಕಿ ತೆಗೆದು ತನ್ನ ಮೂಟೆಗೆ ಮರಳಿ ಉದುರಿಸಿದಳು. ಬೇರೆ ಯಾರಾದರೂ ಆಗಿದ್ದರೆ ಇವಳೆಂಥ ಜಿಪುಣಿ ಅಂದುಕೊಳ್ಳುತ್ತಿದ್ದರು. ನಾನು ಮಾತ್ರ ಹಿಡಿದ ಚೀಲವನ್ನು ಹಾಗೇ ಹಿಡಿದುಕೊಂಡು ನಿಂತುಬಿಟ್ಟೆ. ಹೀಗೆ ಚಿಟಿಕೆ ಮರಳಿಸುವ ಕೈಯನ್ನು ನಾನು ಜೀವಮಾನದಲ್ಲಿ ಒಂದೇ ಮನೆಯಲ್ಲಿ ನೋಡಿದ್ದು. ಅದು ನಾನು ಸೊಸೆಯಾಗಿ ಹೋದ ಮನೆ.

ಗುಂಡ್ಲುಪೇಟೆ ಕಡೆಯವಳಾದ ನಾನು ಮದುವೆಯಾಗಿ ಪನಮರಕ್ಕೆ ಬಂದಾಗ ವಯನಾಡಿನಲ್ಲಿ ನಕ್ಸಲರ ಹೆಸರನ್ನು ಜನ ಬಾಗಿಲು ಹಾಕಿಕೊಂಡು ಹೇಳುತ್ತಿದ್ದರು. ಹತ್ತನೇ ಕ್ಲಾಸು ಪಾಸಾದ ಹೆಮ್ಮೆ ನನ್ನ ತಲೆಯಲ್ಲಿತ್ತು; ಮಲೆಯಾಳ ಮಾತ್ರ ‘ಅತೆ’ ಎಂಬ ಒಂದು ಮಾತಿಗಿಂತ ಹೆಚ್ಚು ಬರುತ್ತಿರಲಿಲ್ಲ. ಹೌದು ಎಂದು ಅದರ ಅರ್ಥ. ಆ ಒಂದೇ ಮಾತಿನ ಬಲದಿಂದ ಯಾರಿಗೂ ಬೇಡದ ಒಂದು ಬುಟ್ಟಿ ಒಣಮೀನನ್ನು ಅಪ್ಪಟ ಸಸ್ಯಾಹಾರಿಗಳ ಮನೆಬಾಗಿಲಿಗೆ ತರಿಸಿಕೊಂಡಿದ್ದೆ. ಅತ್ತೆ ಇಲ್ಲದ ಮನೆ, ಹಾಗಾಗಿ ಬೈಗುಳ ತಪ್ಪಿತು. ಮಾವ ಮೀನಿನವನಿಗೆ ಒಂದು ಪಾವು ಅವಲಕ್ಕಿ ಕೊಟ್ಟು ಕಳಿಸಿ, “ನಾಳಿಂದ ಇಲ್ಲ ಅನ್ನೋದ್ನೂ ಕಲ್ತ್ಕೊ ಮಗಾ” ಎಂದರು.

ಮಾವನದು ಅವಲಕ್ಕಿ ವ್ಯಾಪಾರ. ಹೊಳೆದಂಡೆಯಲ್ಲಿ ಹಂಚಿನ ಮನೆ. ಅದರ ಹಿಂದೆ ಉದ್ದನೆಯ ಚಪ್ಪರ, ಚಪ್ಪರದಲ್ಲಿ ಒಲೆ, ಒರಳು. ಹೊಳೆಯಾಚೆ ಕಾಡಂಚಿನ ಪಾಡಿಯಿಂದ, ನಮ್ಮ ಕಡೆ ಹಾಡಿ ಅನ್ನುತ್ತೇವಲ್ಲ ಅಲ್ಲಿಂದ, ಜೇನುಕುರುಬರ ಹೆಂಗಸರು ಕೆಲಸಕ್ಕೆ ಬರುತ್ತಿದ್ದರು. ಅವರಲ್ಲಿ ಹಿರಿಯಳು ಕೆಂಪಿ. ಒಂದು ಒರಳಿಗೆ ಎರಡು ಒನಕೆ ಬಿದ್ದರೂ ಒಂದಕ್ಕೊಂದು ತಾಗದಂತೆ ಕುಟ್ಟುತ್ತ, ನಡುನಡುವೆ ನನ್ನನ್ನು ಗೇಲಿ ಮಾಡುತ್ತ ಇರುತ್ತಿದ್ದಳು. ನಾನೂ ಒಮ್ಮೆ ಒನಕೆ ಹಿಡಿದೆ. “ಚಿಕ್ಕವ್ವ, ಅವಲು ಕುಟ್ಟು ಅಂದ್ರೆ ನೆಲ ಕುಟ್ತೀಯಲ್ಲ” ಎಂದಳು. ಚಪ್ಪರವೇ ನಕ್ಕಿತು. ಆಮೇಲೆ ನಾನು ಒಲೆಗೆ ಸೌದೆ ಇಡುವ ಕೆಲಸಕ್ಕೆ ಇಳಿದೆ.

ಮಾವ ಏನನ್ನೇ ಅಳೆದು ಕೊಡಲಿ, ಕೊನೆಗೆ ಕೊಂಡವರ ಚೀಲದಿಂದ ಒಂದು ಚಿಟಿಕೆ ತೆಗೆದು ತಮ್ಮ ರಾಶಿಗೆ ಹಾಕಿಕೊಳ್ಳುತ್ತಿದ್ದರು. ಅವರ ತಾಯಿಯ ಕಾಲದಿಂದ ಬಂದದ್ದಂತೆ. ಯಾಕೆ ಎಂದು ಕೇಳಿದ್ದಕ್ಕೆ, “ಕೊಟ್ಟ ಮೇಲೆ ರಾಶಿ ಬರಿದಾಗಬಾರ್ದು ಕನವ್ವ. ಚಿಟಿಕೆ ಇದ್ರೆ ಮತ್ತೆ ಬೆಳೀತದ” ಎಂದರು. ನನಗೆ ನಗು. ಚಿಟಿಕೆಗೆ ರಾಶಿ ಬೆಳೆಯುವುದಾದರೆ ನಮ್ಮೂರಿನ ಜಿಪುಣರೆಲ್ಲ ಕುಬೇರರಾಗಬೇಕಿತ್ತು.

ಕೆಂಪಿ ಮತ್ತು ಉಳಿದವರಿಗೆ ಕೂಲಿ ಭತ್ತದಲ್ಲೇ. ಅವಳ ಬಾಯಲ್ಲಿ ಅದು ನೆಲ್ಲು. ಮಳೆಗಾಲದಲ್ಲಿ ಭತ್ತ ಒಣಗುವುದಿಲ್ಲ, ಸೌದೆ ಹತ್ತುವುದಿಲ್ಲ, ಅವಲಕ್ಕಿ ಕೆಲಸ ನಿಲ್ಲುತ್ತದೆ. ಹಾಗಾಗಿ ಸುಗ್ಗಿ ಮುಗಿದೊಡನೆ ಮಳೆಗಾಲಕ್ಕೆಂದು ಅವರ ಪಾಲನ್ನು ಒಟ್ಟಿಗೆ ಅಳೆದು ಕೊಡುವುದು ಮನೆಯ ರೂಢಿ. ಅವರು ಅದನ್ನು ಗುಡಿಸಲಲ್ಲಿ ಬಿದಿರಿನ ಕುಕ್ಕೆಗಳಲ್ಲಿ ತುಂಬಿ, ಮೇಲೆ ಸಗಣಿ ಸಾರಿಸಿ ಇಡುತ್ತಿದ್ದರು. ಆಷಾಢ ಕಳೆಯುವುದು ಅದರ ಮೇಲೆಯೇ.

ಇಷ್ಟು ಸರಳವಾದ ವ್ಯಾಪಾರಕ್ಕೆ ಸರ್ಕಾರ ಎಷ್ಟು ಬಾಗಿಲುಗಳಿಂದ ಬರಬಹುದು ಎಂದು ನನಗೆ ಆಗ ಗೊತ್ತಾಯಿತು. ರಾಜ್ಯದಲ್ಲಿ ಅಕ್ಕಿಗೆ ತತ್ವಾರ. ರೈತರು ಸರ್ಕಾರಕ್ಕೆ ಲೆವಿ ಭತ್ತ ಕೊಡಬೇಕು, ಒಂದೂರಿನ ಭತ್ತ ಇನ್ನೊಂದೂರಿಗೆ ಹೋಗಲು ಪರ್ಮಿಟ್ಟು ಬೇಕು, ವ್ಯಾಪಾರಿ ಇಂತಿಷ್ಟಕ್ಕಿಂತ ಹೆಚ್ಚು ದಾಸ್ತಾನು ಇಡಕೂಡದು. ಇದರಲ್ಲಿ ತಪ್ಪೇನೂ ಇರಲಿಲ್ಲ ಎಂದು ಈಗಲೂ ಹೇಳುತ್ತೇನೆ. ಹಸಿದವರಿಗೆ ಅನ್ನ ಸಿಗಲಿ ಎಂದೇ ಮಾಡಿದ ಕಾನೂನು. ಆದರೆ ಭತ್ತದ ಲೈಸೆನ್ಸು ಕೊಡುವ ಆಫೀಸಿನವರು ಅವಲಕ್ಕಿಯೂ ಅಕ್ಕಿಯೇ ಎಂದರು. ಮಾರಾಟ ತೆರಿಗೆಯವರು ಬಂದು ಇದು ಅಕ್ಕಿಯೇ ಅಲ್ಲ, ತಯಾರಿಸಿದ ಮಾಲು, ತೆರಿಗೆ ಕಟ್ಟಿ ಎಂದರು. ನಾನು ಹತ್ತನೇ ಕ್ಲಾಸಿನ ಧೈರ್ಯದಲ್ಲಿ, “ನೀವಿಬ್ಬರೂ ಮೊದಲು ಕೂತು ಮಾತಾಡಿಕೊಳ್ಳಿ” ಎಂದು ಕನ್ನಡದಲ್ಲಿ ವಾದಿಸಿದೆ. ಅವರಿಗೆ ಅರ್ಥವಾಗಲಿಲ್ಲ. ಅದೇ ಪುಣ್ಯ ಎಂದು ಮಾವ ಎರಡು ಕಡೆಗೂ ಕಟ್ಟಿದರು. ದೊಡ್ಡ ಕಣಜದವರ ಭತ್ತ ಮಾತ್ರ ಅಳಿಯ, ಮೈದುನ, ಹುಟ್ಟಬೇಕಾದ ಮೊಮ್ಮಗು, ಹೀಗೆ ಹತ್ತಾರು ಹೆಸರಿನಲ್ಲಿ ಹಂಚಿಕೊಂಡು ಸುಖವಾಗಿ ಮಲಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಆ ವರ್ಷ ಸುಗ್ಗಿಯ ಕೂಲಿ ಅಳೆದು ಕೊಟ್ಟಾಗಿತ್ತು. ಪುಲ್ಪಳ್ಳಿ ಕಡೆ ನಕ್ಸಲರು ಜಮೀನ್ದಾರನೊಬ್ಬನ ಕಣಜ ಒಡೆದು ಭತ್ತವನ್ನು ಬಡವರಿಗೆ ಹಂಚಿದರು ಎಂಬ ಸುದ್ದಿ ಬಂತು. ಹಿಂದೆಯೇ ಪೊಲೀಸರು ಬಂದರು. ಪಾಡಿ ಪಾಡಿಗೆ ನುಗ್ಗಿ, ಗುಡಿಸಲಲ್ಲಿ ಭತ್ತ ಕಂಡರೆ ‘ಇದೆಲ್ಲಿಂದ ಬಂತು’ ಎಂದು ಕೇಳಿ, ಉತ್ತರ ಬರುವ ಮೊದಲೇ ಲಾಠಿ ಎತ್ತುತ್ತಿದ್ದರು. ಬಡವನ ಮನೆಯಲ್ಲಿ ಕಾಳಿದ್ದರೆ ಅದು ಕಳವಿನದೇ ಇರಬೇಕಲ್ಲ.

ಒಂದು ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದೆ. ಹೊಳೆ ದಾಟಿ ಹೆಂಗಸರ ಸಾಲು ಬರುತ್ತಿತ್ತು, ಎಲ್ಲರ ತಲೆಯ ಮೇಲೂ ಕುಕ್ಕೆ. ಮುಂದೆ ಕೆಂಪಿ.

“ಮೊದಲಾಳಿ, ನಮ್ಮ ನೆಲ್ಲು ಇಲ್ಲಿ ಇಟ್ಕೊ. ಪೋಲೀಸು ಹೋದ್ಮೇಲೆ ತಕ್ಕೊಂಡು ಹೋಯ್ತೀವಿ.”

ಧಣಿಗೆ ಅವರು ಮೊದಲಾಳಿ ಎನ್ನುವುದು. ಮಾವ ಎರಡು ಮಾತಾಡಲಿಲ್ಲ. ಒಳಕೋಣೆಯ ಬಾಗಿಲು ತೆಗೆದು ತಾವೇ ಕುಕ್ಕೆಗಳನ್ನು ಇಳಿಸಿಕೊಂಡರು. ಹೆಂಗಸರು ಹೋದ ಮೇಲೆ ನಾನು, “ಮಾವ, ಲೈಸೆನ್ಸಿನಲ್ಲಿ ಇರುವುದಕ್ಕಿಂತ ಜಾಸ್ತಿ ಆಗುತ್ತಲ್ಲ” ಎಂದೆ. ಅವರಿಗೆ ನನ್ನ ಮಾತೇ ವಿಚಿತ್ರವಾಗಿ ಕಂಡಿತು.

“ಅದು ನಮ್ದಲ್ಲ ಕನವ್ವ, ನಂಬಿ ಇಟ್ಟೋರ್ದು. ನಂಬಿ ಇಟ್ಟಿದ್ದು ಯಾವ ಲೆಕ್ಕಕ್ಕೂ ಬರಕ್ಕಿಲ್ಲ.”

ನಮ್ಮ ಕಡೆಯ ಹಳೆಯ ಜನರೆಲ್ಲ ಹಾಗೇ. ಊರಿಗೆ ಹೋಗುವವರು ಪಕ್ಕದ ಮನೆಯಲ್ಲಿ ಒಡವೆ, ಕಾಳು ಇಟ್ಟು ಹೋಗುತ್ತಾರೆ. ಇಟ್ಟುಕೊಂಡವರಿಗೆ ಅದು ಕಣ್ಣಿಗೂ ಬೀಳುವುದಿಲ್ಲ. ಸರ್ಕಾರದ ಕಣ್ಣಿಗೂ ಬೀಳುವುದಿಲ್ಲ ಎಂದು ಮಾವ ತಿಳಿದದ್ದೇ ತಪ್ಪಾಯಿತು.

ಅದೇ ವಾರ ದಾಸ್ತಾನು ತಪಾಸಣೆಗೆ ಸಪ್ಲೈ ಇನ್‌ಸ್ಪೆಕ್ಟರು ಬಂದರು. ಆ ದಿನಗಳಲ್ಲಿ ಯಾವ ಅಧಿಕಾರಿಯೂ ಪೊಲೀಸರಿಲ್ಲದೆ ತಿರುಗುತ್ತಿರಲಿಲ್ಲ. ಜೀಪಿನ ತುಂಬ ಖಾಕಿ. ಇನ್‌ಸ್ಪೆಕ್ಟರು ಕೆಟ್ಟವರೇನಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಂದು, ನೀರು ಕೇಳಿ ಕುಡಿದು, ಒಳಕೋಣೆ ನೋಡಿದರು. ಮುಖ ಸಪ್ಪಗಾಯಿತು.

“ಇದೆಲ್ಲ ನಿಮ್ಮದೇನಾ?” ಎಂದು ಮಲೆಯಾಳದಲ್ಲಿ ಕೇಳಿದರು. ಅಷ್ಟು ಹೊತ್ತಿಗೆ ನನಗೆ ಆ ಭಾಷೆ ಅರ್ಥವಾಗುತ್ತಿತ್ತು.

ಚಪ್ಪರದಲ್ಲಿ ಒನಕೆ ನಿಂತಿತು. ಕೆಂಪಿ ಬಾಗಿಲಿಗೆ ಬಂದು, “ಸಾರೆ, ಅದು…” ಎಂದಳು. ಅಂಗಳದಲ್ಲಿದ್ದ ಪೊಲೀಸಿನವನೊಬ್ಬ ಅವಳ ಕಡೆ ತಿರುಗಿದ.

“ಸುಮ್ಕಿರು ಕೆಂಪಿ. ನಿಂಗೇನ್ ಗೊತ್ತದ ಇದು? ಹೋಗು ಕೆಲ್ಸ ನೋಡು.” ಮಾವ ಯಾರ ಮೇಲೂ ಆ ದನಿ ತೆಗೆದದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ಇನ್‌ಸ್ಪೆಕ್ಟರ ಕಡೆ ತಿರುಗಿ, “ಎಲ್ಲಾ ನಂದೇ ಸಾರೆ” ಎಂದರು.

ಇನ್‌ಸ್ಪೆಕ್ಟರು ಕುಕ್ಕೆಗಳನ್ನು ನೋಡಿದರು. ಯಾವ ವ್ಯಾಪಾರಿ ಸಗಣಿ ಸಾರಿಸಿದ ಕುಕ್ಕೆಯಲ್ಲಿ ಭತ್ತ ಇಡುತ್ತಾನೆ ಎಂದು ಅವರಿಗೂ ತಿಳಿದಿರಬೇಕು. “ಯೋಚನೆ ಮಾಡಿ ಹೇಳಿ” ಎಂದರು. ಮಾವ ಅದನ್ನೇ ಹೇಳಿದರು.

ಲಾರಿ ತರಿಸಿ ಎಲ್ಲವನ್ನೂ ಜಪ್ತಿ ಮಾಡಿದರು; ಕೋಣೆ ಖಾಲಿಯಾಯಿತು. ಕೊನೆಯ ಮೂಟೆ ಜೀಪಿನ ಹಿಂದಿನ ಲಾರಿಗೆ ಏರುವಾಗ ಮಾವ ಅದರಿಂದ ಒಂದು ಚಿಟಿಕೆ ತೆಗೆದು ಒಳಗೆ ಹೋಗಿ ನೆಲದ ಮೇಲೆ ಇಟ್ಟು ಬಂದರು. ಪೊಲೀಸಿನವನು ಏನೋ ಅನ್ನಲು ಹೊರಟ. ಇನ್‌ಸ್ಪೆಕ್ಟರು ಅವನನ್ನು ತಡೆದರು. ಲೈಸೆನ್ಸು ರದ್ದಾಯಿತು. ಪೇಟೆಯಲ್ಲಿ ನಮ್ಮ ಮಾವನಿಗೆ ಕಾಳಸಂತೆಯವನು ಎಂಬ ಹೆಸರು ಬಂತು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಅಡಕೆಯೂ ಅವರದಾಗಿರಲಿಲ್ಲ.

ಹೆಂಗಸರು ಆ ದಿನ ಕೆಲಸ ಅರ್ಧಕ್ಕೇ ಬಿಟ್ಟು ಹೊಳೆ ದಾಟಿದರು. ಒಬ್ಬರೂ ಮರಳಿ ಬರಲಿಲ್ಲ, ಬಂದರೂ ಕೆಲಸವೆಲ್ಲಿತ್ತು? ಆ ಮಳೆಗಾಲ ಪಾಡಿಯವರು ಕಾಡುಗೆಣಸು ಅಗೆದು ತಿಂದರಂತೆ. ಕೆಂಪಿ ಚೇಕಾಡಿಯಲ್ಲಿದ್ದ ಅಣ್ಣನ ಮನೆಗೆ ಹೋದಳಂತೆ. ಹಸಿದವರಿಗಾಗಿ ಮಾಡಿದ ಕಾನೂನು ಹಸಿದವರ ಕುಕ್ಕೆಯನ್ನೇ ಎತ್ತಿಕೊಂಡು ಹೋಯಿತು.

ಮಾವ ಪೇಟೆಬೀದಿಯಲ್ಲಿ ಗೋಣಿ, ಹಗ್ಗದ ಅಂಗಡಿ ಇಟ್ಟರು. ಹಗ್ಗವನ್ನು ಯಾರೂ ಅಕ್ಕಿ ಅನ್ನಲಾರರು ಎಂಬ ಧೈರ್ಯ. ತೆರಿಗೆಯವರು ಅಲ್ಲಿಗೂ ಬಂದರು, ಆ ಮಾತು ಬೇರೆ. ಸಂತೆಯ ದಿನ ಒಮ್ಮೊಮ್ಮೆ ದೂರದಲ್ಲಿ ಕೆಂಪಿ ಕಾಣಿಸುತ್ತಿದ್ದಳು. ಮಾವ ಕೈಯಲ್ಲಿದ್ದುದನ್ನು ಬಿಟ್ಟು ಮಸೀದಿ ಓಣಿಗೆ ತಿರುಗಿಬಿಡುತ್ತಿದ್ದರು. ಲಾಠಿಯಿಂದ ಅವರನ್ನು ಉಳಿಸಲೆಂದೇ ನಂದು ಅಂದೆ ಎಂದು ಹೋಗಿ ನಿಜ ಹೇಳಿ ಎಂದು ನಾನು ಎಷ್ಟೋ ಸಲ ಅಂದೆ. “ಬರೀ ಕೈಲಿ ಹೋಗಿ ಏನ್ ಹೇಳ್ಳಿ? ನೆಲ್ಲು ಹೊತ್ಕೊಂಡು ಹೋಗಿ ಹೇಳ್ಬೇಕು” ಎನ್ನುತ್ತಿದ್ದರು. ಆ ಕಾಲ ಕೂಡಿಬರಲೇ ಇಲ್ಲ. ಕೊನೆಯ ಕಾಯಿಲೆಯಲ್ಲಿ ಗಂಜಿ ಕುಡಿಸುವಾಗ ನನ್ನ ಕೈ ಹಿಡಿದು ಒಂದೇ ಮಾತು ಹೇಳಿದರು: “ಕೆಂಪಿ ನನ್ನ ಕಳ್ಳ ಅಂದ್ಕೊಂಡವ್ಳೆ ಕನವ್ವ.” ಅಲ್ಲ ಮಾವ ಎನ್ನಲು ನನ್ನ ಹತ್ತಿರ ಆಧಾರವಿರಲಿಲ್ಲ.

ಅಂಗಡಿಯ ಹೆಂಗಸು ನನ್ನ ಮುಖ ನೋಡಿ, “ಯಾಕಮ್ಮ, ಕೂತ್ಕೋತೀರಾ?” ಎಂದು ಸ್ಟೂಲು ಎಳೆದಳು. ಚಿಟಿಕೆ ಮರಳಿಸುವುದನ್ನು ಯಾರು ಕಲಿಸಿದರು ಎಂದು ಕೇಳಿದೆ.

“ನಮ್ಮಜ್ಜಿ. ಕೆಂಪಿ ಅಂತ. ಇಲ್ಲೇ ಹೊಳೆದಂಡೇಲಿ ಒಬ್ಬ ಮೊದಲಾಳಿ ಹತ್ರ ಅವಲು ಕುಟ್ತಿದ್ಳು.”

“ಆ ಮೊದಲಾಳಿ ಬಗ್ಗೆ ಏನಾದರೂ ಹೇಳುತ್ತಿದ್ದಳಾ?” ಸ್ಟೂಲಿನ ಅಂಚಿಗೆ ಕೂತು ಕೇಳಿದೆ.

“ನಮ್ಮ ನೆಲ್ಲು ಆ ಮನೇಲಿ ಅದ ಅನ್ನೋಳು. ಸಾಯೋಗಂಟ ಅದೇ ಮಾತು. ಹೋಗಿ ಕೇಳು ಮತ್ತೆ ಅಂದ್ರೆ, ಕೇಳಿದ್ರೆ ಕೊಟ್ಟುಬುಡ್ತಾನೆ, ಅವನತ್ರ ಈಗ ಇಲ್ಲ, ಕೇಳ್ಬಾರ್ದು ಅನ್ನೋಳು. ನಮ್ಗೋಸ್ಕರ ಪೋಲೀಸಿನೋರ ಮುಂದೆ ಸುಳ್ಳು ಹೇಳ್ದೋನಂತೆ. ಸಂತೆಗೆ ಬಂದ್ರೂ ಅವನಂಗಡಿ ಬೀದಿ ಬುಟ್ಟು ಹೊಳೆ ಮಗ್ಗುಲಿಂದ ಸುತ್ಕೊಂಡೇ ಬರೋಳು. ಎದುರಿಗ್ ಸಿಕ್ರೆ ಅವ್ನಿಗೆ ಸಂಕಟ ಆಯ್ತದ ಅಂತ.”

ಒಬ್ಬರು ಮಸೀದಿ ಓಣಿಯಿಂದ, ಒಬ್ಬರು ಹೊಳೆ ಬದಿಯಿಂದ. ಒಂದೇ ಪೇಟೆಯಲ್ಲಿ, ಅಷ್ಟು ವರ್ಷ.

ಆ ಮನೆಯ ಸೊಸೆ ನಾನೇ ಎಂದೆ. ನಾನು ಚೀಲಕ್ಕೆ ಕೈಹಾಕಿ ಅವಲಕ್ಕಿಯನ್ನು ಮುಷ್ಟಿ ತುಂಬ ಎತ್ತಿ ಅವಳ ಮೂಟೆಗೆ ಸುರಿದೆ. ಮತ್ತೊಂದು ಮುಷ್ಟಿ ಎತ್ತುವಷ್ಟರಲ್ಲಿ ಅವಳು ನನ್ನ ಕೈ ಹಿಡಿದುಕೊಂಡಳು.

“ಅಷ್ಟೊಂದು ಬೇಡ ಕನಮ್ಮ. ಚಿಟಿಕೆ ಸಾಕು.”